ಬೀರು ತುಂಬ ಸೀರೆ, ಉಡಲು ಒಂದೂ ಇಲ್ಲ!

"ರೀ, ನಾಡಿದ್ದು ಮದುವೆಗೆ ಉಡೋಕೆ ಒಂದೂ ಸೀರೆ ಇಲ್ಲ ಕಣ್ರೀ" ಎಂದು ನಾನು ಹೇಳಿದಾಗಲೆಲ್ಲ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆಯೇ, "ಹೌದು ಪಾಪ, ಬೀರು ಬಾಗಿಲು ಹಾಕೋಕೆ ಇಬ್ಬರು ಬೇಕು" ಎನ್ನುತ್ತಾರೆ. ನಿಮ್ಮ ಮನೆಯಲ್ಲೂ ಈ ಮಾತುಕತೆ ಆಗಾಗ ನಡೆಯುತ್ತಿರಬೇಕು. ಗಂಡಸರಿಗೆ ಇದೊಂದು ತಮಾಷೆ. ಆದರೆ ಗೆಳತಿಯರೇ, ನಾವು ಹೇಳುವುದು ಸುಳ್ಳೇ? ಬೀರುವಿನ ತುಂಬ ಸೀರೆ ಇರುವುದೂ ನಿಜ, ಉಡಲು ಒಂದೂ ಇಲ್ಲದಿರುವುದೂ ನಿಜ. ಎರಡೂ ಹೇಗೆ ನಿಜವಾದೀತು ಎಂಬುದು ನನಗೆ ತಿಳಿಯಲು ನಲವತ್ತು ದಾಟಬೇಕಾಯಿತು.

ಕಳೆದ ವರ್ಷ ಶ್ರಾವಣಕ್ಕೆ ಮುಂಚೆ ಬೀರು ಒರೆಸೋಣವೆಂದು ಎಲ್ಲ ಸೀರೆಗಳನ್ನೂ ಮಂಚದ ಮೇಲೆ ಸುರಿದೆ. ಸುರಿದ ಮೇಲೆ ಎಣಿಸಿಯೂ ಬಿಟ್ಟೆ. 67! ಎದೆ ಧಸಕ್ಕೆಂದಿತು. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಯಾಕೆ ಬಂತು ಎಂದು ಕೇಳಿಕೊಂಡೆ. ಇಪ್ಪತ್ತಕ್ಕೂ ಹೆಚ್ಚು ಮುಯ್ಯಿಗೆ ಬಂದವು, ಮುಂದಿನ ಮುಯ್ಯಿಗೆ ದಾಟಿಸಬೇಕಾದವು. ಅವುಗಳ ಲೆಕ್ಕ ಬೇರೆ ಬಿಡಿ. ಮಿಕ್ಕವು ನಾನೇ ಕೊಂಡವು. ಇದು ಓರಗಿತ್ತಿ ಅಂಥದ್ದು ಕೊಂಡಳೆಂದು. ಇದು ಟೀವಿ ಧಾರಾವಾಹಿಯ ಸೊಸೆ ಉಟ್ಟಿದ್ದಳೆಂದು. ಇದು ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಬೆಂಗಳೂರಿನ ತಾಯಂದಿರು ಬರುತ್ತಾರೆಂದು. ಇದು ಕಂತಿನ ಮೇಲೆ ಕೊಡುತ್ತೇನೆಂದು ಸೀರೆಯಾಕೆ ಬಾಗಿಲಲ್ಲೇ ಕೂತಳೆಂದು. ನಾನು ಉಡಬೇಕು, ನನಗೆ ಹಿಡಿಸಿತು ಎಂಬ ಒಂದೇ ಕಾರಣಕ್ಕೆ ಬಂದ ಸೀರೆ ಆ ರಾಶಿಯಲ್ಲಿ ನಾಲ್ಕು ಸಿಕ್ಕಿದವು. ನಾಲ್ಕೇ ನಾಲ್ಕು.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ನಾಲ್ಕು ಜನರ ನಡುವೆ ಬಾಳುವವರು ನಾಲ್ಕು ಜನರ ಕಣ್ಣಿಗೆ ಒಪ್ಪುವಂತಿರಬೇಕು ಎನ್ನುವುದು ನನಗೂ ಒಪ್ಪಿಗೆಯೇ. ಆದರೆ ಪರರಿಚ್ಛೆ ಎನ್ನುವುದು ಎಲ್ಲಿಯವರೆಗೆ? ಆ ರಾಶಿಯ ಅಡಿಯಲ್ಲಿ, ಬೀರುವಿನ ತೀರ ಕೆಳಗಿನ ಅರೆಯಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಎರಡು ಸೀರೆ ಮತ್ತು ಒಂದು ಫೋಟೋ ಆಲ್ಬಂ ಇತ್ತು. ಆ ಗಂಟು ಬಿಚ್ಚಿದ ಮೇಲೆ ಆ ದಿನ ಬೀರು ಒರೆಸುವ ಕೆಲಸ ಅಲ್ಲಿಗೇ ನಿಂತಿತು. ಅದರ ಕಥೆಯನ್ನು ನಿಮಗೆ ಹೇಳಲೇಬೇಕು.

ನನ್ನ ತವರು ಬಾಗಲಕೋಟೆ ಜಿಲ್ಲೆ, ಇಳಕಲ್ಲಿನ ಮಗ್ಗುಲ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಇವರು ಆ ಕಡೆ ಮೂರು ವರ್ಷ ನೌಕರಿಯಲ್ಲಿದ್ದಾಗ ಯಾರೋ ಮಾತು ತೆಗೆದು, 2001ರಲ್ಲಿ ಮದುವೆಯಾಗಿ ತಿಪಟೂರಿಗೆ ಬಂದೆ. ಜೋಳದ ಹೊಲದಿಂದ ತೆಂಗಿನ ತೋಟಕ್ಕೆ! ಅವ್ವ ನನ್ನ ಟ್ರಂಕಿನಲ್ಲಿ ಆರು ಇಳಕಲ್ ಸೀರೆ ಇಟ್ಟು ಕಳಿಸಿದ್ದಳು. ಅದರಲ್ಲೊಂದು ಕರಿ ಚಂದ್ರಕಾಳಿ, ಕಸೂತಿ ಹಾಕಿದ್ದು. ನಮ್ಮ ಕಡೆ ಮದುಮಗಳಿಗೆ ಅದನ್ನು ಉಡಿಸುವುದು ದೊಡ್ಡ ಮರ್ಯಾದೆ.

ಬಂದ ಹೊಸತರಲ್ಲಿ ಒಂದು ಸಂಜೆ ದೇವಸ್ಥಾನಕ್ಕೆಂದು ದಾಳಿಂಬೆ ಬಣ್ಣದ ಇಳಕಲ್ ಉಟ್ಟು ಹೊರಬಂದೆ. ಹಜಾರದಲ್ಲಿ ಕೂತಿದ್ದ ಬಳಗದವರೊಬ್ಬರು ಮೇಲಿಂದ ಕೆಳಗೆ ನೋಡಿ, "ಇದೇನಮ್ಮ ಇದು, ನಮ್ಮಲ್ಲಿ ತೋಟದ ಕೆಲಸಕ್ಕೆ ಬರೋರು ಉಡೋ ಥರ ಇದೆ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದೆ. ಇಪ್ಪತ್ತೊಂದರ ಹುಡುಗಿಗೆ ಅಷ್ಟು ಸಾಕಿತ್ತು. ಮಾರನೆಯ ದಿನವೇ ಆರೂ ಸೀರೆ ಟ್ರಂಕಿನ ಪಾಲಾದವು. ನನ್ನ ಮಾತಿನ "ಹೌದ್ರೀ", "ಬರ್ತೀನ್ರೀ" ಕೂಡ ಅದೇ ಟ್ರಂಕಿಗೆ ಹೋದವೋ ಏನೋ, ವರ್ಷದೊಳಗೆ ನಾನು ಇಲ್ಲಿಯವಳ ಹಾಗೇ ಮಾತಾಡತೊಡಗಿದೆ.

2013ರಲ್ಲಿ ನಾವು ಸ್ವಂತ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಅವ್ವ ರಾತ್ರಿ ಬಸ್ಸಿನಲ್ಲಿ ಬಂದಳು. ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ಕರದಂಟು ಎಲ್ಲ ಹೊತ್ತು ತಂದಿದ್ದಳು. ಬೆಳಿಗ್ಗೆ ಸ್ನಾನ ಮಾಡಿ ಹಸಿರು ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಬಸ ತೊಟ್ಟು, ತಲೆ ಮೇಲೆ ಕೆಂಪು ಸೆರಗು ಹೊದ್ದು ನಿಂತಳು. ಆ ಸೀರೆ ಅವಳು ಈ ದಿನಕ್ಕೆಂದೇ ನೇಯಿಸಿಕೊಂಡದ್ದು. ಅವಳು ನೇಕಾರರ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದವಳು. ಮಗ್ಗದಲ್ಲಿ ಕೂರುವವರು ಒಬ್ಬರಾದರೂ, ನೂಲು ಸುತ್ತುವುದು, ಎಳೆ ಜೋಡಿಸುವುದು ಇವೆಲ್ಲ ಬಹುಪಾಲು ಹೆಂಗಸರ ಕೈಯಲ್ಲೇ ಆಗುವ ಕೆಲಸ. ಆ ಸೀರೆಯ ನೂಲನ್ನು ಅವಳೇ ಸುತ್ತಿಕೊಟ್ಟಿದ್ದಳು.

ನಾನು ಏನು ಮಾಡಿದೆ ಗೊತ್ತೇ? ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿ, "ಅವ್ವ, ಇವತ್ತೊಂದು ದಿನ ಬೇರೆ ಉಟ್ಟುಕೋ, ಎಲ್ಲರೂ ಬರ್ತಾರೆ" ಎಂದೆ. ನನ್ನದೊಂದು ತಿಳಿಗುಲಾಬಿ ಬಣ್ಣದ ಜಾರ್ಜೆಟ್, ಅಂಚಿಗೆಲ್ಲ ಚಮಕಿ ಹೊಲಿದದ್ದು, ಅದನ್ನು ಕೈಗಿಟ್ಟೆ. ನನ್ನ ರವಿಕೆ ಹಿಡಿಯಲಿಲ್ಲವೆಂದು ಒಳಗೆ ಬಿಟ್ಟಿದ್ದ ಹೊಲಿಗೆಯನ್ನು ಅಲ್ಲೇ ಬ್ಲೇಡಿನಿಂದ ಬಿಚ್ಚಿಕೊಟ್ಟೆ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. "ಆತ್ ಬಿಡವ್ವಾ" ಎಂದಳು, ಅಷ್ಟೇ.

ಅವಳ ಇಡೀ ದಿನ ಆ ಸೀರೆಯೊಂದಿಗೆ ಹೋರಾಡುವುದರಲ್ಲೇ ಕಳೆಯಿತು. ತಲೆ ಮೇಲೆ ಸೆರಗು ಹೊದ್ದರೆ ಜಾರುತ್ತದೆ, ಎಳೆದುಕೊಂಡರೆ ಚಮಕಿ ಕುತ್ತಿಗೆಗೆ ಚುಚ್ಚುತ್ತದೆ. ಬರಿತಲೆಯಲ್ಲಿ ನಾಲ್ಕು ಜನರೆದುರು ನಿಂತು ಅವಳಿಗೆ ಗೊತ್ತಿಲ್ಲ. ಕೊನೆಗೆ ಹಿಂದಿನ ಅಡುಗೆ ಚಪ್ಪರಕ್ಕೆ ಹೋಗಿ, ಎಲೆ ಒರೆಸುವವರ ಜೊತೆ ಕೂತುಬಿಟ್ಟಳು. ಆರತಿಗೆ ಮಗಳನ್ನು ಕಳಿಸಿ ಕರೆಸಬೇಕಾಯಿತು. ಮಾರನೆಯ ಬೆಳಿಗ್ಗೆ ಗುಲಾಬಿ ಸೀರೆಯನ್ನು ಮಡಿಕೆ ಕೆಡದಂತೆ ಮಡಚಿ ನನ್ನ ಕೈಗಿಟ್ಟು, "ಸೀರಿ ಚಲೋ ಐತಿ. ನನ್ನ ಮೈಮ್ಯಾಲ ನಿಲ್ಲಂಗಿಲ್ಲ, ಅಷ್ಟ" ಎಂದಳು.

ಆಮೇಲೆ ಆರು ವರ್ಷ ಬದುಕಿದ್ದಳು. ನಾನು ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. 2019ರಲ್ಲಿ ಹೋದಳು. ಕಾರ್ಯ ಮುಗಿಸಿ ಬರುವಾಗ ಅಣ್ಣ ಅವಳ ಎರಡು ಸೀರೆ ಕೊಟ್ಟ. ಒಂದು ಆ ಹಸಿರು. ಪಂಚೆಯಲ್ಲಿ ಸುತ್ತಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟವಳು ಮತ್ತೆ ಬಿಚ್ಚಿರಲಿಲ್ಲ.

ಈಗ ಆಲ್ಬಮ್ಮಿಗೆ ಬರುತ್ತೇನೆ. ಗೃಹಪ್ರವೇಶದ್ದು. ಅದರಲ್ಲಿ ಅವ್ವ ಇರುವ ಫೋಟೋ ಒಂದೇ. ಆರತಿ ತಟ್ಟೆಯ ಹಿಂದೆ, ಅರ್ಧ ಕಂಬದ ಮರೆಯಲ್ಲಿ, ಒಂದು ಕೈ ತಲೆಯ ಮೇಲಿನ ಸೆರಗನ್ನು ಹಿಡಿದಿದೆ. ಪಕ್ಕದಲ್ಲಿ ನಾನು, ನೆಟ್ಟಿನ ಸೀರೆ, ಮೂರು ಪಿನ್ನು ಚುಚ್ಚಿಕೊಂಡು. ನನ್ನ ಕೈಯೂ ಭುಜದ ಮೇಲೆ, ಸೆರಗು ಹಿಡಿದುಕೊಂಡೇ ಇದೆ! ಆಲ್ಬಮ್ಮಿನ ಹಾಳೆ ಹಿಂದೆ ಮುಂದೆ ತಿರುವಿ ನೋಡಿದೆ. ಹೋಮದ ಫೋಟೋದಲ್ಲಿ ಹಿಡಿದಿದ್ದೇನೆ, ಊಟದ ಸಾಲಿನಲ್ಲಿ ಹಿಡಿದಿದ್ದೇನೆ. ಆಮೇಲಿನ ಎಲ್ಲ ಮದುವೆ ಮುಂಜಿಗಳ ಫೋಟೋಗಳಲ್ಲೂ ಅದೇ ಭಂಗಿ. ಅವ್ವ ಒಂದು ದಿನ ಪಟ್ಟ ಪಾಡನ್ನು ನಾನು ವರ್ಷಗಟ್ಟಲೆ ಪಡುತ್ತಿದ್ದೆ, ನನಗೇ ತಿಳಿದಿರಲಿಲ್ಲ.

ನಿಮ್ಮ ಮನೆಯ ಆಲ್ಬಂ ತೆಗೆದು ಒಮ್ಮೆ ನೋಡಿ. ಮುಖ ನೋಡಬೇಡಿ, ಕೈ ಎಲ್ಲಿದೆ ನೋಡಿ.

ಅಂದು ಹುಮ್ಮಸ್ಸಿನಲ್ಲಿ ನಾನು ಮಾಡಿದ ಮೊದಲ ಕೆಲಸ ಪೂರ್ತಿ ತಪ್ಪು. ಇನ್ನು ಮೇಲೆ ನಾನು ನಾನೇ ಆಗಿರುತ್ತೇನೆಂದು, ಪರಿಚಯದವರ ಮನೆಯ ನಾಮಕರಣಕ್ಕೆ ಟ್ರಂಕಿನ ಚಂದ್ರಕಾಳಿ, ಖಣದ ಕುಬಸ, ಅವ್ವನಂತೆ ತಲೆ ಮೇಲೆ ಸೆರಗು, ದೊಡ್ಡ ನತ್ತು ಎಲ್ಲ ಹೇರಿಕೊಂಡು ಹೊರಟೆ. ಕಾಲೇಜಿಗೆ ಹೋಗುವ ಮಗಳು ನೋಡಿ, "ಅಮ್ಮ, ಏನಾದ್ರೂ ನಾಟಕ ಇದೆಯಾ?" ಎಂದಳು. ಸಿಟ್ಟು ಬಂತು. ಆದರೆ ನಾಮಕರಣದ ಮನೆಯಲ್ಲಿ ಕೂತಾಗ ಅವಳ ಮಾತು ದಿಟವೆನ್ನಿಸಿತು. ಇಪ್ಪತ್ತು ವರ್ಷ ತಲೆ ಮೇಲೆ ಸೆರಗು ಹಾಕದವಳಿಗೆ ಅದು ಕೂಡ ಜಾರುತ್ತಿತ್ತು. ಅದು ಅವ್ವನ ರೂಪ, ನನ್ನದಲ್ಲ. ನಾನು ಈಗ ಪೂರ್ತಿ ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ. ಹಾಗಿದ್ದ ಮೇಲೆ ನನಗೆ ಒಪ್ಪುವ ಉಡುಗೆ ಬೇರೆಯವರ ಬೀರುವಿನಲ್ಲಿ ಸಿದ್ಧವಾಗಿ ಸಿಕ್ಕೀತೇ?

ಆಗ ನನಗೊಂದು ಉಪಾಯ ಹೊಳೆಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ಆ ದಿನ ಏನು ಉಟ್ಟೆ ಎಂದು ಒಂದು ಪದ ಬರೆಯತೊಡಗಿದೆ. ರಾತ್ರಿ ಮಲಗುವ ಮುಂಚೆ ಒಂದು ಗುರುತು. ಬಟ್ಟೆಯನ್ನು ಮತ್ತೆ ಮತ್ತೆ ಸರಿಪಡಿಸಿಕೊಂಡಿದ್ದರೆ ಇಂಟು. ಏನು ಉಟ್ಟಿದ್ದೇನೆಂಬುದೇ ಮರೆತು ಕೆಲಸ ಮಾಡಿದ್ದರೆ ಸೊನ್ನೆ. ಯಾರು ಹೊಗಳಿದರು, ಯಾರು ತೆಗಳಿದರು, ಅದನ್ನು ಬರೆಯಲಿಲ್ಲ. ಹೊಗಳಿಕೆಗೆ ಮರುಳಾಗಿಯೇ ಅಲ್ಲವೇ 67 ಸೀರೆ ಸೇರಿದ್ದು! ನಮ್ಮವರು, "ಇದೇನು, ಸೊನ್ನೆ ಹಾಕಿದ ದಿನ ಹಾಲು ಬಂದಿಲ್ಲವೋ?" ಎಂದು ಹಾಲಿನವನ ಹತ್ತಿರ ಜಗಳಕ್ಕೇ ಹೋಗಿದ್ದರು.

ಎರಡು ತಿಂಗಳಾದ ಮೇಲೆ ಕ್ಯಾಲೆಂಡರ್ ಇಳಿಸಿ ನೋಡಿದೆ. ಸೊನ್ನೆ ಬಿದ್ದ ದಿನಗಳೆಲ್ಲ ಹತ್ತಿಯವು. ನೆಟ್ಟು, ಜಾರ್ಜೆಟ್, ಕಲ್ಲಿನ ಕೆಲಸದವು ಒಂದೂ ಸೊನ್ನೆ ಪಡೆದಿಲ್ಲ. ಗೇಣುದ್ದ ಅಂಚಿನವಕ್ಕೆಲ್ಲ ಇಂಟು. ನಾನು ಕುಳ್ಳಿ, ಸ್ವಲ್ಪ ದಪ್ಪ. ದೊಡ್ಡ ಅಂಚು ನನ್ನನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣಿಸುತ್ತದೆ, ನಡೆಯುವಾಗ ಕಾಲಿಗೂ ತೊಡರುತ್ತದೆ. ಎರಡು ಬೆರಳಿನಿಂದ ನಾಲ್ಕು ಬೆರಳಿನ ಅಂಚು ನನಗೆ ಸರಿ. ಇನ್ನೊಂದು ವಿಷಯ ನನಗೇ ಆಶ್ಚರ್ಯ ತಂದಿತು. ಬಣ್ಣ ಕಪ್ಪಗಿರುವವರು ಗಾಢ ಬಣ್ಣ ಉಡಬಾರದು ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಇಷ್ಟು ವರ್ಷ ತಿಳಿಗುಲಾಬಿ, ಕೆನೆ ಬಣ್ಣ ಎಂದು ಒದ್ದಾಡಿದ್ದೆ. ಸೊನ್ನೆ ಸಿಕ್ಕವು ನೋಡಿದರೆ ನೀಲಿ, ದಾಳಿಂಬೆ ಕೆಂಪು, ನವಿಲುಗತ್ತಿನ ಬಣ್ಣ! ಈ ಬಣ್ಣಗಳ ಮಾತನ್ನು ಯಾರಿಂದಲೂ ಕೇಳಬೇಡಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೂ ನಿರ್ಧರಿಸಬೇಡಿ. ಸೀರೆಯನ್ನು ಬಾಗಿಲ ಹತ್ತಿರ ಬಿಸಿಲಿಗೆ ತಂದು ಭುಜದ ಮೇಲೆ ಹಾಕಿ ಕನ್ನಡಿ ನೋಡಿ.

ರವಿಕೆಯದೇ ದೊಡ್ಡ ಪಾಠ. ಇಂಟು ಬಿದ್ದ ಎಷ್ಟೋ ದಿನ ತಪ್ಪು ಸೀರೆಯದ್ದಾಗಿರಲಿಲ್ಲ, ರವಿಕೆಯದ್ದು. ನಾವು ಸೀರೆಗೆ ಸಾವಿರ ಕೊಟ್ಟು, ರವಿಕೆ ಹೊಲಿಗೆಯ ನೂರು ಐವತ್ತಕ್ಕೆ ಚೌಕಾಸಿ ಮಾಡುತ್ತೇವೆ. ಬೆನ್ನು ಆಳವಾಗಿ ಬಿಟ್ಟರೆ ಭುಜ ಜಾರುತ್ತದೆ, ಭುಜ ಜಾರಿದರೆ ಸೆರಗು ನಿಲ್ಲದು. ನಾನು ನಮ್ಮ ಬೀದಿಯ ಟೈಲರಮ್ಮನ ಹತ್ತಿರ ಕೂತು, ಸೊನ್ನೆ ಸಿಕ್ಕ ಒಂದು ಹಳೆಯ ರವಿಕೆಯನ್ನೇ ಅಳತೆಗೆ ಕೊಟ್ಟು, ಮೊಣಕೈವರೆಗೆ ತೋಳು, ಹಿಂದೆ ಕತ್ತು ಮೇಲಕ್ಕೆ, ಹೀಗೆ ಮೂರು ಹೊಲಿಸಿಕೊಂಡೆ. ಕಪ್ಪು, ಕೆಂಪು, ಒಂದು ಖಣದ್ದು. ಈ ಮೂರರಲ್ಲಿ ನನ್ನ ಎಲ್ಲ ಹತ್ತಿ ಸೀರೆಗಳ ಸಂಸಾರ ನಡೆಯುತ್ತಿದೆ.

ಈಗ ನಾನು ಉಡುವುದು ಹೀಗೆ. ಇಳಕಲ್ ಸೀರೆ, ಆರು ಗಜದ್ದು, ಉಡುವ ರೀತಿ ಮಾತ್ರ ಇಲ್ಲಿಯದು, ಸೆರಗು ಎಡಭುಜಕ್ಕೆ, ಪಿನ್ನು ಒಂದೇ. ನಮ್ಮ ಊರ ಕಡೆಯವರು ನೋಡಿದರೆ ಇದು ನಮ್ಮ ಉಡುಗೆಯಲ್ಲ ಎಂದಾರು. ಇಲ್ಲಿಯವರಿಗೂ ಇದು ತಮ್ಮದಲ್ಲ. ಇರಲಿ. ಸೀರೆ ಉಡುವ ಕ್ರಮವೆಂದರೆ ಇದೊಂದೇ ಎಂದು ಯಾವ ದೇವರೂ ಹೇಳಿಲ್ಲ. ಕೊಡಗಿನ ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಹಾಕುತ್ತಾರೆ. ಇವತ್ತು ನಾವೆಲ್ಲ 'ಸರಿಯಾದ ರೀತಿ' ಎಂದುಕೊಂಡಿರುವ ಒಳಲಂಗ, ರವಿಕೆ, ಎಡಭುಜದ ಸೆರಗು ಇವೆಲ್ಲ ಹೀಗೆ ಹರಡಿದ್ದರ ಹಿಂದೆಯೂ ಒಬ್ಬ ಗೃಹಿಣಿಯ ಪೇಚಾಟ ಇದೆಯಂತೆ. ಬಂಗಾಳದ ಠಾಕೂರರ ಮನೆಯ ಸೊಸೆ, ರವೀಂದ್ರನಾಥರ ಅತ್ತಿಗೆ ಜ್ಞಾನದಾನಂದಿನಿ ದೇವಿ, 1860ರ ದಶಕದಲ್ಲಿ ಗಂಡನ ನೌಕರಿಗಾಗಿ ಮುಂಬಯಿ ಕಡೆಗೆ ಬಂದಾಗ, ಮನೆಯೊಳಗಿನ ಉಡುಗೆಯಲ್ಲಿ ಹೊರಗೆ ಹೋಗುವಂತಿಲ್ಲ. ಪಾರ್ಸಿ ಹೆಂಗಸರು ಉಡುವುದನ್ನು ನೋಡಿ, ತನಗೆ ಒಗ್ಗುವಂತೆ ಬದಲಿಸಿಕೊಂಡು ಉಟ್ಟರು. ಆಕೆ ಮಾಡಬಹುದಾದರೆ ತಿಪಟೂರಿನಲ್ಲಿ ನಾನು ಯಾಕೆ ಮಾಡಬಾರದು?

ದೂರದ ಬಸ್ ಪ್ರಯಾಣಕ್ಕೆ ಚೂಡಿದಾರ್ ಹಾಕುತ್ತೇನೆ. ಅದರಲ್ಲೂ ಸೊನ್ನೆಯೇ ಸಿಕ್ಕಿದೆ. ನೈಟಿಯ ಮೇಲೆ ಟವೆಲು ಹೊದ್ದು ಬೀದಿಗೆ ಬರುವುದು ಮಾತ್ರ ನನಗೆ ಹಿಡಿಸದು. ಆದರೆ ಎದುರು ಮನೆಯವರಿಗೆ ಅದು ಹಾಯಾಗಿದ್ದರೆ ನನ್ನದೇನು ಅಭ್ಯಂತರ!

ಇಳಕಲ್ ಕೊಳ್ಳಬೇಕೆನ್ನಿಸಿದವರಿಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಈ ಸೀರೆಯ ಮೈ ಹತ್ತಿಯದು, ಸೆರಗು ಮತ್ತು ದಡಿ ರೇಷ್ಮೆ ಅಥವಾ ಕೃತಕ ರೇಷ್ಮೆಯವು. ಪೂರ್ತಿ ರೇಷ್ಮೆಯವೂ ಸಿಗುತ್ತವೆ, ಬೆಲೆ ಜಾಸ್ತಿ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಒಂದೊಂದೇ ಎಳೆಗೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಅದಕ್ಕೇ ಪ್ರತಿ ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ಕೈಮಗ್ಗದ ಸೀರೆಯಾದರೆ ಮೈ ಮುಗಿದು ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ನೋಡಿ, ಆ ಜೋಡಣೆಯ ಗೆರೆ ತಾಗುತ್ತದೆ. ಕೆಂಪು ಸೆರಗಿನಲ್ಲಿ ಬಿಳಿ ಎಳೆಯ ಗೋಪುರದ ಸಾಲು, ಬಾಚಣಿಗೆ ಹಲ್ಲಿನಂಥ ಸಾಲು ಇರುತ್ತವೆ. ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿ ಎಂದೆಲ್ಲ ಬಗೆಗಳಿವೆ. ಕಸೂತಿ ಹಾಕಿದ್ದೆಂದು ಹೆಚ್ಚು ಬೆಲೆ ಹೇಳಿದರೆ ತಿರುಗಿಸಿ ಹಿಂಬದಿ ನೋಡಿ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಬಟ್ಟೆಯ ಮೇಲೆ ಬರೆದುಕೊಳ್ಳದೆ, ಎಳೆ ಎಣಿಸಿ ಹಾಕುವ ಕೆಲಸ ಅದು.

ಮೊದಲ ಮೂರು ನಾಲ್ಕು ಸಲ ತಣ್ಣೀರಿನಲ್ಲಿ ಒಂದು ಹಿಡಿ ಉಪ್ಪು ಹಾಕಿ ಬೇರೆಯಾಗಿಯೇ ಒಗೆಯಿರಿ. ನೆನೆಹಾಕಲೇ ಬೇಡಿ, ಸೆರಗಿನ ಕೆಂಪು ಮೈಗೆ ಹತ್ತಿದರೆ ಮತ್ತೆ ಹೋಗದು. ನೆರಳಲ್ಲಿ ಒಣಗಿಸಿ. ಗಂಜಿ ಹಾಕುವುದಾದರೆ ತೆಳ್ಳಗೆ, ಸೋಸಿ, ಮೈಗೆ ಮಾತ್ರ ಹಾಕಿ. ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಮಡಿಕೆಯಲ್ಲೇ ಬಿಡುತ್ತದೆ. ನನ್ನ ಟ್ರಂಕಿನ ಆರರಲ್ಲಿ ಎರಡು ಹಾಗೇ ಹಾಳಾಗಿದ್ದವು. ಇಪ್ಪತ್ತು ವರ್ಷ ಮಡಿಕೆ ಬಿಚ್ಚದೆ ಇಟ್ಟವಳು ನಾನೇ, ಯಾರನ್ನು ದೂರಲಿ?

ಆ 67 ಏನಾದವು ಎಂದು ಕೇಳುತ್ತೀರಿ. ಮುಯ್ಯಿಯವು ಮುಯ್ಯಿಗೆ ಹೋಗುತ್ತಿವೆ. ಚೆನ್ನಾಗಿದ್ದ ಹನ್ನೆರಡನ್ನು, ಬೇಕೆಂದವರಿಗೆ, ಬೇಕೇ ಎಂದು ಕೇಳಿ ಕೊಟ್ಟೆ. ಗುಲಾಬಿ ಜಾರ್ಜೆಟ್ಟನ್ನು ಕೌದಿಗೆ ಹಾಕೋಣವೆಂದು ಕೂತೆ. ಸೂಜಿ ನಿಲ್ಲುವುದಿಲ್ಲ, ಪದರ ಜಾರುತ್ತದೆ. ಕೌದಿಗೂ ಹತ್ತಿಯೇ ಬೇಕು ಎಂಬುದು ಅವ್ವನಿಗೆ ಗೊತ್ತಿತ್ತು, ನಾನು ಮರೆತಿದ್ದೆ. ಅದನ್ನು ಹೊಲಿಗೆ ಯಂತ್ರದ ಮೇಲೆ ಧೂಳು ಬೀಳದಂತೆ ಹೊದಿಸಿದ್ದೇನೆ. ಅಲ್ಲೂ ದಿನಕ್ಕೊಮ್ಮೆ ಜಾರಿ ಬೀಳುತ್ತದೆ.

ಬಳಗದವರು ಏನೆಂದರು? ಎಲ್ಲರೂ ಭೇಷ್ ಎಂದರೆಂದು ಬರೆದರೆ ಸುಳ್ಳಾದೀತು. ಹೋದ ಮಾಘದಲ್ಲಿ ಒಂದು ಮದುವೆಯಲ್ಲಿ ನೀಲಿ ಇಳಕಲ್ ಉಟ್ಟಿದ್ದಾಗ, ಗುರುತಿಲ್ಲದ ಒಬ್ಬಾಕೆ ನನ್ನನ್ನು ಬಡಿಸುವವಳೆಂದು ತಿಳಿದು "ಸಾರು ತನ್ನಿ" ಎಂದರು. ಇಪ್ಪತ್ತೊಂದರಲ್ಲಿ ಆಗಿದ್ದರೆ ಕೋಣೆಗೆ ಹೋಗಿ ಅಳುತ್ತಿದ್ದೆ. ನಾನು ಎದ್ದು ಸಾರಿನ ಬಕೆಟ್ಟು ಈಸಿಕೊಂಡು ಆ ಸಾಲಿಗೆಲ್ಲ ಬಡಿಸಿಯೇ ಬಂದೆ. ಸೆರಗು ಒಂದು ಸಲವೂ ಜಾರಲಿಲ್ಲ. ಓರಗಿತ್ತಿ ನಕ್ಕು ನಕ್ಕು ಸುಸ್ತಾದಳು. ಮಾರನೆಯ ವಾರ ಅವಳೇ ಬಂದು, "ಅಕ್ಕ, ನಿಮ್ಮೂರ ಕಡೆ ಹೋದಾಗ ನಂಗೂ ಒಂದು ತನ್ನಿ, ಸಣ್ಣ ಅಂಚಿಂದು" ಎಂದಳು. ಅವಳು ಎತ್ತರ, ಅವಳಿಗೆ ದೊಡ್ಡ ಅಂಚೇ ಒಪ್ಪುತ್ತದೆ. ಕ್ಯಾಲೆಂಡರಿನಲ್ಲಿ ಮೊದಲು ಎರಡು ತಿಂಗಳು ಬರೆದು ನೋಡು ಎಂದಿದ್ದೇನೆ.

ಅವ್ವನ ಹಸಿರು ಸೀರೆಯನ್ನು ಇನ್ನೂ ಉಟ್ಟಿಲ್ಲ. ದಡಿಯ ಹತ್ತಿರ ಒಂದು ಕಡೆ ಸೀಳು ಬಿಟ್ಟಿದೆ. ಈ ದಸರೆಗೆ ಉಡೋಣವೆಂದು ರಫೂ ಮಾಡುವವರಿಗೆ ಕೊಟ್ಟು ಬಂದೆ. ಸೀರೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, "ನೂಲು ಚೆನ್ನಾಗಿ ಸುತ್ತಿದ್ದಾರೆ, ಒಂದೂ ಗಂಟಿಲ್ಲ" ಎಂದರು ಅವರು. ಶುಕ್ರವಾರ ಬಂದು ತೆಗೆದುಕೊಂಡು ಹೋಗಿ ಎಂದಿದ್ದಾರೆ.